ಹೆಚ್ಚುವರಿ ಇನಿಂಗ್ಸ್‌ನ ನಿಯಮ ಬದಲಾಗಬೇಕೇ? ಬೇಸ್‌ಬಾಲ್ ಅಭಿಮಾನಿ ತೂಗಿ ನೋಡುವ ಬಗೆ

1920ರ ಮೇ 1ರಂದು ಬಾಸ್ಟನ್‌ನ ಬ್ರೇವ್ಸ್ ಫೀಲ್ಡ್‌ನಲ್ಲಿ ಬ್ರೂಕ್ಲಿನ್ ಮತ್ತು ಬಾಸ್ಟನ್ ತಂಡಗಳು 26 ಇನಿಂಗ್ಸ್ ಆಡಿದವು. ಎರಡೂ ಕಡೆ ಒಂದೊಂದೇ ರನ್ ಬಂದಿತ್ತು. ಕತ್ತಲಾದ ಕಾರಣ ಆಟ ಅಲ್ಲಿಗೇ ನಿಂತಿತು. ಲಿಯಾನ್ ಕಡೋರ್ ಮತ್ತು ಜೋ ಓಷ್ಗರ್ ಎಂಬ ಇಬ್ಬರು ಪಿಚರ್‌ಗಳು (ಬ್ಯಾಟರ್‌ನತ್ತ ಚೆಂಡೆಸೆಯುವವರು) ತಮ್ಮ ತಮ್ಮ ತಂಡದ ಪರವಾಗಿ ಮೊದಲ ಎಸೆತದಿಂದ ಕೊನೆಯ ಎಸೆತದವರೆಗೂ ತಾವೊಬ್ಬರೇ ಎಸೆದರು. ಇನಿಂಗ್ಸ್‌ಗಳ ಲೆಕ್ಕದಲ್ಲಿ, ಅಮೆರಿಕದ ಅತ್ಯುನ್ನತ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನ ಅತಿ ದೀರ್ಘ ಪಂದ್ಯ ಇಂದಿಗೂ ಅದೇ, ಆದರೆ ಅದಕ್ಕೆ ಹಿಡಿದದ್ದು 3 ಗಂಟೆ 50 ನಿಮಿಷ ಮಾತ್ರ. 1984ರ ಮೇ ತಿಂಗಳಿನಲ್ಲಿ ಷಿಕಾಗೊ ವೈಟ್ ಸಾಕ್ಸ್ ಮತ್ತು ಮಿಲ್ವಾಕೀ ಬ್ರೂವರ್ಸ್ ತಂಡಗಳು ಅದಕ್ಕಿಂತ ಒಂದು ಇನಿಂಗ್ಸ್ ಕಡಿಮೆ ಆಡಿಯೂ 8 ಗಂಟೆ 6 ನಿಮಿಷ ತೆಗೆದುಕೊಂಡವು, ಅದೂ ಎರಡು ದಿನಗಳಿಗೆ ಹಂಚಿಕೊಂಡು.

ಪಂದ್ಯವನ್ನು ಚಿಕ್ಕದು ಮಾಡಲು ಹೆಚ್ಚುವರಿ ಇನಿಂಗ್ಸ್‌ನ ನಿಯಮ ಬದಲಿಸಬೇಕೇ ಎಂಬ ವಾದಕ್ಕೆ ಇಳಿಯುವವರು ಈ ಎರಡು ಪಂದ್ಯಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಇನಿಂಗ್ಸ್‌ಗಳ ಸಂಖ್ಯೆ ಬೇರೆ, ಗಡಿಯಾರದ ಸಮಯ ಬೇರೆ ಎಂಬುದನ್ನು ಅವು ಒಮ್ಮೆಗೇ ತೋರಿಸಿಬಿಡುತ್ತವೆ. ಈ ವಿಷಯದಲ್ಲಿ ತಮ್ಮದೇ ನಿಲುವನ್ನು ಕಟ್ಟಿಕೊಳ್ಳಬಯಸುವ ಅಭಿಮಾನಿಗಳಿಗೂ, ಚಿಕ್ಕ ಪುಟ್ಟ ಲೀಗ್ ನಡೆಸುತ್ತ ನಿಯಮ ಬರೆಯಬೇಕಾಗಿ ಬಂದವರಿಗೂ ಉಪಯೋಗವಾಗಲೆಂದು ತೂಗಿ ನೋಡುವ ಒಂದು ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ನನ್ನ ಸ್ವಂತ ತೀರ್ಮಾನವನ್ನೂ ಮುಚ್ಚಿಟ್ಟಿಲ್ಲ. ಅದನ್ನು ಒಪ್ಪದವರಿಗೂ ತೂಗುವ ಕ್ರಮ ಒದಗಬಹುದು.

ಮೊದಲು ಈಗಿನ ನಿಯಮವನ್ನು ಸರಿಯಾಗಿ ಓದಿಕೊಳ್ಳಿ

ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಒಂದೊಂದು ಇನಿಂಗ್ಸ್‌ನ ಮೊದಲರ್ಧದಲ್ಲಿ ಪ್ರವಾಸಿ ತಂಡವೂ ಎರಡನೆಯ ಅರ್ಧದಲ್ಲಿ ಆತಿಥೇಯ ತಂಡವೂ ಬ್ಯಾಟ್ ಮಾಡುತ್ತವೆ. ಬ್ಯಾಟ್ ಮಾಡಿದವನು ಮೂರು ಬೇಸ್‌ಗಳನ್ನು ಒಂದೊಂದಾಗಿ ದಾಟಿ, ಹೊರಟ ಜಾಗಕ್ಕೆ ಮರಳಿದರೆ ಒಂದು ರನ್. ಮೂರು ಔಟ್ ಆದರೆ ಅರ್ಧ ಮುಗಿಯಿತು. ಒಂಬತ್ತರ ಕೊನೆಗೆ ರನ್‌ಗಳು ಸಮವಾಗಿದ್ದರೆ ಹತ್ತನೆಯ, ಹನ್ನೊಂದನೆಯ ಇನಿಂಗ್ಸ್ ಎಂದು ಆಟ ಮುಂದುವರಿಯುತ್ತದೆ. ಒಂದು ಪೂರ್ಣ ಇನಿಂಗ್ಸ್ ಮುಗಿದಾಗ ಯಾರು ಮುಂದಿದ್ದಾರೋ ಅವರು ಗೆದ್ದಂತೆ. ಆತಿಥೇಯ ತಂಡ ತನ್ನ ಅರ್ಧದಲ್ಲಿ ಗೆಲುವಿನ ರನ್ ಗಳಿಸಿದ ಕ್ಷಣವೇ ಪಂದ್ಯ ಮುಗಿಯುತ್ತದೆ.

ಹಳೆಯ ಪದ್ಧತಿಯಲ್ಲಿ ಹತ್ತನೆಯ ಇನಿಂಗ್ಸ್ ಕೂಡ ಮೊದಲನೆಯ ಇನಿಂಗ್ಸ್‌ನಂತೆಯೇ ಖಾಲಿ ಬೇಸ್‌ಗಳಿಂದ ಆರಂಭವಾಗುತ್ತಿತ್ತು. 2018ರಲ್ಲಿ ಮೇಜರ್ ಲೀಗ್‌ಗಿಂತ ಕೆಳಗಿನ ಹಂತಗಳಾದ ಅಮೆರಿಕದ ಮೈನರ್ ಲೀಗ್‌ಗಳಲ್ಲಿ ಬೇರೆ ಕ್ರಮ ಬಂತು: ಹತ್ತನೆಯ ಇನಿಂಗ್ಸ್‌ನಿಂದ ಮುಂದಕ್ಕೆ ಪ್ರತಿ ಅರ್ಧವೂ ಎರಡನೇ ಬೇಸ್‌ನಲ್ಲಿ ಒಬ್ಬ ಓಟಗಾರನನ್ನು ನಿಲ್ಲಿಸಿಯೇ ಆರಂಭವಾಗಬೇಕು. ಕೋವಿಡ್‌ನಿಂದಾಗಿ 60 ಪಂದ್ಯಗಳಿಗೆ ಇಳಿದಿದ್ದ 2020ರ ಋತುವಿನಲ್ಲಿ ಮೇಜರ್ ಲೀಗ್ ಇದನ್ನೇ ತಾತ್ಕಾಲಿಕವಾಗಿ ತೆಗೆದುಕೊಂಡಿತು, ಮುಂದಿನ ಎರಡು ವರ್ಷಗಳೂ ಉಳಿಸಿಕೊಂಡಿತು, 2023ರ ಫೆಬ್ರುವರಿಯಲ್ಲಿ ತಂಡಗಳ ಪ್ರತಿನಿಧಿಗಳು, ಆಟಗಾರರು ಮತ್ತು ಒಬ್ಬ ಅಂಪೈರ್ ಇರುವ ಜಂಟಿ ಸಮಿತಿಯ ಮೂಲಕ ಕಾಯಂ ಮಾಡಿತು. ಋತು ಮುಗಿದ ಮೇಲೆ ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್ ಪಂದ್ಯಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಅಲ್ಲಿ ಹಳೆಯ ಪದ್ಧತಿಯೇ ನಡೆಯುತ್ತದೆ.

ಎರಡನೇ ಬೇಸ್‌ನಲ್ಲಿ ನಿಲ್ಲುವವನನ್ನು ತಂಡ ತನಗೆ ಬೇಕಾದಂತೆ ಆರಿಸಿಕೊಳ್ಳುವಂತಿಲ್ಲ ಎಂಬುದನ್ನು ವಾದಿಸುವವರಲ್ಲಿ ಅನೇಕರು ಗಮನಿಸುವುದಿಲ್ಲ. ಆ ಇನಿಂಗ್ಸ್‌ನ ಮೊದಲ ಬ್ಯಾಟರ್‌ಗಿಂತ ಬ್ಯಾಟಿಂಗ್ ಕ್ರಮದಲ್ಲಿ ಒಂದು ಸ್ಥಾನ ಹಿಂದಿರುವವನೇ ಅಲ್ಲಿ ನಿಲ್ಲಬೇಕು, ಇಲ್ಲವೇ ಅವನ ಬದಲಿಗೆ ಇನ್ನೊಬ್ಬ ಬರಬೇಕು. ಹಾಗೆ ಹೊರಬಿದ್ದವನು ಮತ್ತೆ ಆಟಕ್ಕೆ ಮರಳುವಂತಿಲ್ಲ. ಈ ಓಟಗಾರ ರನ್ ಗಳಿಸಿದರೆ ಅದು ಪಿಚರ್ ಬಿಟ್ಟುಕೊಟ್ಟ ರನ್‌ಗಳ ಸರಾಸರಿಗೆ ಸೇರುವುದಿಲ್ಲ, ಫೀಲ್ಡಿಂಗ್ ತಪ್ಪಿನಿಂದ ಬೇಸ್ ತಲುಪಿದವನ ರನ್‌ನಂತೆ ಅದನ್ನು ಎಣಿಸಲಾಗುತ್ತದೆ, ಆದರೆ ಯಾವ ಫೀಲ್ಡರ್‌ನ ಹೆಸರಿಗೂ ತಪ್ಪು ಬರೆಯುವುದಿಲ್ಲ. ಸೋಲು ಮಾತ್ರ ಪಿಚರ್‌ನ ಹೆಸರಿಗೇ ಬೀಳುತ್ತದೆ. ಯಾರೂ ಬೇಸ್‌ಗೆ ಬಿಡದೇ ಇದ್ದವನಿಂದ ಸೋಲನ್ನು ಹೊರಬೇಕಾದ ಪಿಚರ್‌ನ ಸಂಕಟ ಆಟದ ಬೇರಾವ ಭಾಗದಲ್ಲೂ ಇಲ್ಲ, ಮತ್ತು ನಿಯಮವನ್ನು ವಿರೋಧಿಸುವವರ ಮುಖ್ಯ ಆಕ್ಷೇಪ ಇರುವುದೂ ಇಲ್ಲಿಯೇ: ಇಡೀ ಬೇಸ್‌ಬಾಲ್‌ನಲ್ಲಿ ಬೇಸ್ ಎಂಬುದು ದುಡಿದು ಗಳಿಸುವ ವಸ್ತು, ಇಲ್ಲಿ ಅದು ಪುಕ್ಕಟೆಯಾಗಿ ಸಿಗುತ್ತದೆ.

ಏನನ್ನು ಉಳಿಸಬೇಕೆಂದು ಗೊತ್ತುಮಾಡಿಕೊಳ್ಳಿ

ನಿಯಮ ಬದಲಾಗಬೇಕು ಎನ್ನುವವರೆಲ್ಲ ಒಂದೇ ಕಾರಣಕ್ಕೆ ಹಾಗೆನ್ನುವುದಿಲ್ಲ. ಕೆಲವರಿಗೆ ಬೇಕಾಗಿರುವುದು ಸಮಯದ ಉಳಿತಾಯ: ಪ್ರೇಕ್ಷಕ ಮನೆಗೆ ಹೋಗಬೇಕು, ಪ್ರಸಾರಕರ ವೇಳಾಪಟ್ಟಿ ಕೆಡಬಾರದು. ಇನ್ನು ಕೆಲವರಿಗೆ ಬೇಕಾಗಿರುವುದು ಪಿಚರ್‌ಗಳ ತೋಳಿನ ರಕ್ಷಣೆ. ಈ ಎರಡನ್ನೂ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದಾಗಲೇ ವಾದ ಗೋಜಲಾಗುವುದು, ಆದ್ದರಿಂದ ಬಿಡಿಸಿ ನೋಡಿ.

ಸಮಯದ ಮಾತು ಮೊದಲಾಗಲಿ. 2022ರಲ್ಲಿ ಒಂಬತ್ತು ಇನಿಂಗ್ಸ್‌ನ ಮೇಜರ್ ಲೀಗ್ ಪಂದ್ಯ ಸರಾಸರಿ 3 ಗಂಟೆ 4 ನಿಮಿಷ ನಡೆಯುತ್ತಿತ್ತು. 2023ರಲ್ಲಿ ಪಿಚ್ ಕ್ಲಾಕ್ ಬಂದು, ಬೇಸ್‌ಗಳು ಖಾಲಿ ಇರುವಾಗ 15 ಸೆಕೆಂಡುಗಳ ಒಳಗೆ, ಓಟಗಾರರು ಇರುವಾಗ 20 ಸೆಕೆಂಡುಗಳ ಒಳಗೆ ಎಸೆಯಲೇಬೇಕು ಎಂದಾದ ಮೇಲೆ ಅದು 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಆಟದ ಒಂದು ರನ್ನನ್ನೂ ಒಂದು ಔಟನ್ನೂ ಮುಟ್ಟದೆ, ಎಸೆತಗಳ ನಡುವಿನ ಸುಮ್ಮನೆ ನಿಲ್ಲುವಿಕೆಯನ್ನಷ್ಟೇ ಕತ್ತರಿಸಿ, ಪ್ರತಿಯೊಂದು ಪಂದ್ಯದಲ್ಲೂ 24 ನಿಮಿಷ ಉಳಿಸಿದ ಬದಲಾವಣೆ ಅದು. ಹೆಚ್ಚುವರಿ ಇನಿಂಗ್ಸ್‌ಗೆ ಹೋಗುವುದಾದರೂ ನೂರಕ್ಕೆ ಎಂಟೊಂಬತ್ತು ಪಂದ್ಯಗಳು ಮಾತ್ರ. ಉಳಿದ ತೊಂಬತ್ತೊಂದೋ ತೊಂಬತ್ತೆರಡೋ ಪಂದ್ಯಗಳಲ್ಲಿ ಎರಡನೇ ಬೇಸ್‌ನ ಓಟಗಾರನಿಗೆ ಕೆಲಸವೇ ಇಲ್ಲ. ಅವನಿಂದ ಆಗುವ ಉಳಿತಾಯ ಎಷ್ಟೆಂಬುದನ್ನು ಮುಂದಿನ ಭಾಗದಲ್ಲಿ ಲೆಕ್ಕ ಹಾಕೋಣ. ಹೆಚ್ಚೇನೂ ಇಲ್ಲ ಎಂದು ಈಗಲೇ ಹೇಳಬಲ್ಲೆ.

ತೋಳಿನ ಮಾತು ಇದಕ್ಕಿಂತ ಗಂಭೀರವಾದುದು. ಒಂದು ತಂಡದ 26 ಆಟಗಾರರಲ್ಲಿ ಪಿಚರ್‌ಗಳು ಗರಿಷ್ಠ 13 ಮಂದಿ ಇರಬಹುದು. ಅವರಲ್ಲಿ ಐವರು ಪಂದ್ಯ ಆರಂಭಿಸುವವರು. ಅವರು ನಾಲ್ಕೈದು ದಿನಗಳ ಬಿಡುವಿನ ನಂತರವೇ ಮತ್ತೆ ಎಸೆಯುತ್ತಾರೆ. ಉಳಿದ ಎಂಟು ಮಂದಿ ಹೆಚ್ಚಾಗಿ ಒಂದೊಂದು ಇನಿಂಗ್ಸ್ ಎಸೆದು ಹೋಗುವ ರಿಲೀಫ್ ಪಿಚರ್‌ಗಳು; ಹಿಂದಿನ ಎರಡು ದಿನ ಎಸೆದವರಿಗೆ ಈ ದಿನ ವಿಶ್ರಾಂತಿ ಬೇಕು. ಆರಂಭದ ಪಿಚರ್ ಐದು ಇನಿಂಗ್ಸ್‌ಗೆ ನಿಂತರೆ, ಒಂಬತ್ತು ಮುಗಿಯುವಷ್ಟರಲ್ಲಿ ನಾಲ್ವರು ಬಂದು ಹೋಗಿರುತ್ತಾರೆ. ಹನ್ನೆರಡನೆಯ ಇನಿಂಗ್ಸ್‌ನ ಹೊತ್ತಿಗೆ ಬುಲ್‌ಪೆನ್, ಅಂದರೆ ರಿಲೀಫ್ ಪಿಚರ್‌ಗಳ ಬಳಗ, ಬರಿದಾಗುತ್ತದೆ. ಆಗ ಮ್ಯಾನೇಜರ್‌ಗೆ ಉಳಿಯುವ ದಾರಿಗಳು ಎರಡೇ: ನಾಳೆ ಆರಂಭಿಸಬೇಕಾದವನನ್ನು ಇಂದೇ ಕರೆಯುವುದು, ಇಲ್ಲವೇ ಪಿಚರ್ ಅಲ್ಲದ ಆಟಗಾರನ ಕೈಗೆ ಚೆಂಡು ಕೊಡುವುದು. 162 ಪಂದ್ಯಗಳನ್ನು ಸುಮಾರು ಆರು ತಿಂಗಳಿಗೆ ತುಂಬಿದ ಋತುವಿನಲ್ಲಿ ಅಂಥ ಒಂದು ರಾತ್ರಿಯ ಸಾಲವನ್ನು ಮುಂದಿನ ನಾಲ್ಕು ದಿನಗಳು ತೀರಿಸಬೇಕಾಗುತ್ತದೆ. ದಣಿದ ರಿಲೀಫ್ ಪಿಚರ್ ಒಬ್ಬನನ್ನು ಮರುದಿನವೇ ಮೈನರ್ ಲೀಗ್‌ಗೆ ಇಳಿಸಿ ತಾಜಾ ತೋಳೊಂದನ್ನು ಕರೆಸಿಕೊಳ್ಳುವುದು ಮಾಮೂಲು ಉಪಾಯ. ನಿನ್ನೆ ಮೂರು ಇನಿಂಗ್ಸ್ ಎಸೆದು ತಂಡವನ್ನು ಉಳಿಸಿದ ತಪ್ಪಿಗೆ ಇಂದು ಕಡಿಮೆ ಸಂಬಳದ ಲೀಗ್‌ಗೆ ಹೋಗುವವನ ಬಗ್ಗೆ ಹಳೆಯ ಪದ್ಧತಿಯನ್ನು ಹೊಗಳುವವರು ಅಷ್ಟಾಗಿ ಮಾತಾಡುವುದಿಲ್ಲ.

ಆದ್ದರಿಂದ ನಿಮ್ಮ ವಾದವನ್ನು ತೋಳಿನ ಮೇಲೆ ನಿಲ್ಲಿಸಿ, ಗಡಿಯಾರದ ಮೇಲೆ ಬೇಡ. ಹಾಗೆ ನಿಲ್ಲಿಸಿದ ಕೂಡಲೇ ಪ್ರಶ್ನೆಯ ಆಕಾರವೂ ಬದಲಾಗುತ್ತದೆ. ಹತ್ತನೆಯ ಇನಿಂಗ್ಸ್‌ನಿಂದ ಯಾರ ತೋಳೂ ಬಿದ್ದುಹೋಗುವುದಿಲ್ಲ, ಹನ್ನೊಂದನೆಯದರಿಂದಲೂ ಇಲ್ಲ. ತೊಂದರೆ ಇರುವುದು ಹದಿನಾಲ್ಕು, ಹದಿನೈದು, ಹದಿನೆಂಟಕ್ಕೆ ಎಳೆಯುವ ಕೆಲವೇ ಪಂದ್ಯಗಳಲ್ಲಿ. ಅಂಥ ಕೆಲವನ್ನು ತಡೆಯಲು ಎಲ್ಲ ಹೆಚ್ಚುವರಿ ಪಂದ್ಯಗಳನ್ನೂ ಬದಲಿಸಬೇಕೇ ಎಂಬುದೇ ನಿಜವಾಗಿ ತೂಗಬೇಕಾದ ಮಾತು.

ಸಾಧ್ಯತೆಯ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ

ಇದಕ್ಕೆ ಕಾಗದ, ಪೆನ್ಸಿಲ್ ಸಾಕು. ಇತ್ತೀಚಿನ ದಶಕಗಳ ಮೇಜರ್ ಲೀಗ್ ಆಟವನ್ನು ಆಧರಿಸಿ ಈ ಸ್ಥೂಲ ಅಂಕಿಗಳನ್ನು ಇಟ್ಟುಕೊಳ್ಳಬಹುದು. ಖಾಲಿ ಬೇಸ್, ಔಟ್ ಇಲ್ಲ ಎಂಬ ಸ್ಥಿತಿಯಿಂದ ಅರ್ಧ ಇನಿಂಗ್ಸ್ ಆರಂಭವಾದರೆ ಸರಾಸರಿ ಅರ್ಧ ರನ್ ಬರುತ್ತದೆ. ಒಂದಾದರೂ ರನ್ ಬರುವ ಸಾಧ್ಯತೆ ನೂರಕ್ಕೆ 27ರಷ್ಟು. ಎರಡನೇ ಬೇಸ್‌ನಲ್ಲಿ ಓಟಗಾರ, ಔಟ್ ಇಲ್ಲ ಎಂದಾದರೆ ಸರಾಸರಿ 1.1 ರನ್, ಒಂದಾದರೂ ರನ್ ಬರುವ ಸಾಧ್ಯತೆ ನೂರಕ್ಕೆ 61ರ ಆಸುಪಾಸು.

ಪಂದ್ಯ ಮುಂದುವರಿಯಬೇಕಾದರೆ ಎರಡೂ ತಂಡಗಳು ಒಂದೇ ಸಂಖ್ಯೆಯ ರನ್ ಗಳಿಸಬೇಕು. ಹಳೆಯ ಪದ್ಧತಿಯಲ್ಲಿ ಇಬ್ಬರೂ ಸೊನ್ನೆಯಲ್ಲಿ ಉಳಿಯುವ ಸಾಧ್ಯತೆ 0.73 ಗುಣಿಸು 0.73, ಅಂದರೆ 0.53. ಇಬ್ಬರೂ ಒಂದೊಂದು ರನ್, ಇಬ್ಬರೂ ಎರಡೆರಡು ರನ್ ಗಳಿಸುವ ಚಿಕ್ಕ ಸಾಧ್ಯತೆಗಳನ್ನು ಕೂಡಿಸಿದರೆ ಒಟ್ಟು 0.56ರ ಸುತ್ತ ಬರುತ್ತದೆ. ಹೊಸ ಪದ್ಧತಿಯಲ್ಲಿ ಇಬ್ಬರೂ ಸೊನ್ನೆಯಾಗುವ ಸಾಧ್ಯತೆ 0.39 ಗುಣಿಸು 0.39, ಅಂದರೆ 0.15 ಮಾತ್ರ, ಇಲ್ಲಿ ಒಂದೊಂದು ರನ್ ಗಳಿಸಿ ಸಮವಾಗುವುದು ಹೆಚ್ಚು, ಅದನ್ನೂ ಉಳಿದವನ್ನೂ ಕೂಡಿಸಿದರೆ 0.30ರ ಸುತ್ತ ನಿಲ್ಲುತ್ತದೆ. ಹತ್ತನೆಯ ಇನಿಂಗ್ಸ್‌ನಲ್ಲೇ ಪಂದ್ಯ ಮುಗಿಯುವುದು ಹಳೆಯದರಲ್ಲಿ ನೂರಕ್ಕೆ 44, ಹೊಸದರಲ್ಲಿ ನೂರಕ್ಕೆ 70 ಎಂದಾಯಿತು. ಎರಡು ತಂಡಗಳೂ ಸರಾಸರಿ ತಂಡಗಳೆಂದು, ಎಲ್ಲ ಇನಿಂಗ್ಸ್‌ಗಳೂ ಒಂದೇ ತೆರನೆಂದು ಇಟ್ಟುಕೊಂಡ ಲೆಕ್ಕ ಇದು. ದಿಕ್ಕು ತಿಳಿಯಲು ಸಾಕು, ದಶಮಾಂಶಕ್ಕೆ ಜೋತುಬೀಳಬೇಡಿ.

ಈಗ ಸಮಯಕ್ಕೆ ಬನ್ನಿ. ಹಳೆಯದರಲ್ಲಿ ಒಂದು ಹೆಚ್ಚುವರಿ ಪಂದ್ಯ ಸರಾಸರಿ 2.3 ಇನಿಂಗ್ಸ್ ಎಳೆಯುತ್ತದೆ, ಹೊಸದರಲ್ಲಿ 1.4. ವ್ಯತ್ಯಾಸ ಒಂದು ಇನಿಂಗ್ಸ್‌ಗಿಂತ ತುಸು ಕಡಿಮೆ. ಒಂದು ಪೂರ್ಣ ಇನಿಂಗ್ಸ್‌ಗೆ 20 ನಿಮಿಷ ಹಿಡಿದರೆ ಉಳಿತಾಯ ಒಂದು ಹೆಚ್ಚುವರಿ ಪಂದ್ಯಕ್ಕೆ 17, 18 ನಿಮಿಷ. ಅದನ್ನು ಋತುವಿನ ಎಲ್ಲ 2,430 ಪಂದ್ಯಗಳಿಗೂ ಹಂಚಿ ನೋಡಿದರೆ ಪಂದ್ಯಕ್ಕೆ ಒಂದೂವರೆ ನಿಮಿಷ! ಪಿಚ್ ಕ್ಲಾಕ್ ಉಳಿಸಿದ 24 ನಿಮಿಷಗಳ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದ ಮೇಲೂ ಸಮಯಕ್ಕಾಗಿ ಎರಡನೇ ಬೇಸ್‌ನ ಓಟಗಾರ ಬೇಕೇ ಬೇಕು ಎಂದು ಯಾರಾದರೂ ವಾದಿಸಿದರೆ ಅವರ ಮುಂದೆ ಇದೇ ಕಾಗದವನ್ನು ಇಡಿ.

ಉದ್ದದ ಬಾಲವನ್ನು ನೋಡಿದಾಗ ಮಾತ್ರ ಚಿತ್ರ ಬೇರೆಯಾಗುತ್ತದೆ. ಹದಿನಾಲ್ಕು ಇನಿಂಗ್ಸ್ ಆದ ಮೇಲೂ ಸಮವಾಗಿಯೇ ಉಳಿಯುವ ಸಾಧ್ಯತೆ ಹಳೆಯದರಲ್ಲಿ 0.56ನ್ನು ಐದು ಬಾರಿ ಗುಣಿಸಿದಷ್ಟು, ಅಂದರೆ ನೂರಕ್ಕೆ ಐದೂವರೆ. ಒಂದು ಋತುವಿನಲ್ಲಿ ಹೆಚ್ಚುವರಿ ಪಂದ್ಯಗಳು 200ರ ಸುತ್ತ ಎಂದುಕೊಂಡರೆ ಇಡೀ ಲೀಗ್‌ನಲ್ಲಿ ಅಂಥ ಪಂದ್ಯಗಳು ಹನ್ನೊಂದು. ಹೊಸದರಲ್ಲಿ ಅದು ಎರಡು ವರ್ಷಕ್ಕೆ ಒಂದು. ವಾಸ್ತವವೂ ಈ ಲೆಕ್ಕಕ್ಕೆ ದೂರವಿಲ್ಲ; 2021ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಸ್ಯಾನ್ ಡಿಯೇಗೊ ಪಾಡ್ರೇಸ್ ತಂಡವನ್ನು 5-3ರಿಂದ ಸೋಲಿಸಲು 16 ಇನಿಂಗ್ಸ್ ಹಿಡಿದದ್ದು ಈ ನಿಯಮದ ಕಾಲದಲ್ಲಿ ಅಪರೂಪದ ಘಟನೆಯೆಂದೇ ಸುದ್ದಿಯಾಯಿತು.

ಇನ್ನೊಂದು ಲೆಕ್ಕ ಉಳಿದಿದೆ, ನನಗೆ ಮುಖ್ಯವಾದದ್ದು ಅದೇ. ಹತ್ತು ಮತ್ತು ಹನ್ನೊಂದನೆಯ ಇನಿಂಗ್ಸ್‌ಗಳನ್ನು ಹಳೆಯ ರೀತಿಯಲ್ಲೇ ಆಡಿ, ಹನ್ನೆರಡನೆಯದರಿಂದ ಮಾತ್ರ ಓಟಗಾರನನ್ನು ನಿಲ್ಲಿಸಿದರೆ ಏನಾಗುತ್ತದೆ? ಮೊದಲ ಎರಡು ಇನಿಂಗ್ಸ್‌ಗಳಲ್ಲೇ ನೂರಕ್ಕೆ 69 ಹೆಚ್ಚುವರಿ ಪಂದ್ಯಗಳು ಪೂರ್ಣ ಬೇಸ್‌ಬಾಲ್ ಆಡಿಯೇ ಮುಗಿಯುತ್ತವೆ. ಹನ್ನೆರಡನ್ನು ದಾಟುವವು ನೂರಕ್ಕೆ ಒಂಬತ್ತೋ ಹತ್ತೋ. ಹದಿನಾಲ್ಕನ್ನು ದಾಟುವವು ನೂರಕ್ಕೆ ಒಂದಕ್ಕಿಂತ ಕಡಿಮೆ, ಅಂದರೆ ಇಡೀ ಲೀಗ್‌ಗೆ ವರ್ಷಕ್ಕೆ ಎರಡಕ್ಕಿಂತ ಕಡಿಮೆ. ತೋಳನ್ನು ಸುಡುವ ಪಂದ್ಯಗಳಲ್ಲಿ ಬಹುಪಾಲು ಈ ಮಧ್ಯಮ ಮಾರ್ಗದಲ್ಲೇ ಇಲ್ಲವಾಗುತ್ತವೆ, ಪುಕ್ಕಟೆ ಬೇಸ್‌ನ ಕಾಟವೂ ಮೂರರಲ್ಲಿ ಒಂದು ಹೆಚ್ಚುವರಿ ಪಂದ್ಯಕ್ಕೆ ಸೀಮಿತವಾಗುತ್ತದೆ.

ಹತ್ತನೆಯ ಇನಿಂಗ್ಸ್ ನೋಡುವಾಗ ಏನನ್ನು ಗಮನಿಸಬೇಕು

ಅಂಕಿಗಳಿಂದ ತೀರ್ಮಾನವಾಗದ ಒಂದು ಸಂಗತಿಯಿದೆ: ಆ ಆಟ ಚೆನ್ನಾಗಿದೆಯೇ ಎಂಬುದು. ಅದಕ್ಕೆ ಕೆಲವು ಪಂದ್ಯಗಳ ಹತ್ತನೆಯ ಇನಿಂಗ್ಸನ್ನು ಕುಳಿತು ನೋಡಲೇಬೇಕು, ಮತ್ತು ನೋಡುವಾಗ ಎರಡು ಅರ್ಧಗಳ ನಡುವಿನ ಅಸಮತೆಯ ಮೇಲೆ ಕಣ್ಣಿಡಬೇಕು.

ಪ್ರವಾಸಿ ತಂಡಕ್ಕೆ ತಾನು ಎಷ್ಟು ರನ್ ಗಳಿಸಿದರೆ ಸಾಕು ಎಂಬುದು ಗೊತ್ತಿರುವುದಿಲ್ಲ, ಹಾಗಾಗಿ ಅದು ಸಾಮಾನ್ಯವಾಗಿ ದೊಡ್ಡ ಇನಿಂಗ್ಸ್‌ಗೆ ಪ್ರಯತ್ನಿಸುತ್ತದೆ. ಅದು ಸೊನ್ನೆಗೆ ಔಟಾದರೆ ಆತಿಥೇಯ ತಂಡಕ್ಕೆ ಒಂದೇ ರನ್ ಸಾಕು. ಆಗ ಮೊದಲ ಬ್ಯಾಟರ್ ಚೆಂಡನ್ನು ಮೆಲ್ಲನೆ ಬಂಟ್ ಮಾಡಿ (ಬ್ಯಾಟ್ ಬೀಸದೆ ಸುಮ್ಮನೆ ತಾಗಿಸಿ), ತಾನು ಔಟಾಗಿ, ಓಟಗಾರನನ್ನು ಮೂರನೇ ಬೇಸ್‌ಗೆ ದಾಟಿಸುವುದನ್ನು ಕಾಣುತ್ತೀರಿ. ಕ್ಯಾಚ್ ಹಿಡಿದ ಮೇಲೆ ಓಟಗಾರ ಓಡಬಹುದಾದ್ದರಿಂದ ಅಲ್ಲಿಂದ ಎತ್ತರದ ಕ್ಯಾಚ್ ಆದರೂ ರನ್ ಬರಬಹುದು. ಬಂಟ್‌ನ ನಂತರ ಸರಾಸರಿ ರನ್‌ಗಳ ನಿರೀಕ್ಷೆ 1.1ರಿಂದ 0.95ರ ಸುತ್ತ ಇಳಿಯುತ್ತದೆ, ಆದರೆ ಒಂದಾದರೂ ರನ್ ಬರುವ ಸಾಧ್ಯತೆ ಸ್ವಲ್ಪ ಏರುತ್ತದೆ. ಅದೇ ಕಾರಣಕ್ಕೆ ಒಂದೇ ರನ್ ಸಾಕಾದ ತಂಡಕ್ಕೆ ಬಂಟ್ ಜಾಣತನ, ಹೆಚ್ಚು ರನ್ ಬೇಕಾದ ತಂಡಕ್ಕೆ ಅದು ನಷ್ಟ. ಎದುರಾಳಿಗಳು ಇದಕ್ಕೆ ಪ್ರತಿಯಾಗಿ ಬ್ಯಾಟರ್‌ನನ್ನು ಬೇಕೆಂದೇ ಮೊದಲ ಬೇಸ್‌ಗೆ ಕಳುಹಿಸಿ ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡುವ ಡಬಲ್ ಪ್ಲೇಗೆ ದಾರಿ ಮಾಡಿಕೊಳ್ಳುತ್ತಾರೆ. ಒಂದೇ ರನ್‌ಗೆ ಸೋಲುವ ಸ್ಥಿತಿಯಲ್ಲಿ ಮೊದಲ ಬೇಸ್‌ನ ಓಟಗಾರನ ರನ್‌ಗೆ ಯಾವ ಬೆಲೆಯೂ ಇಲ್ಲವಲ್ಲ.

ಈ ಚದುರಂಗ ಸವಿಯುವವರಿಗೆ ಹೊಸ ನಿಯಮ ಒಂದು ಕೊಡುಗೆಯೇ ಸರಿ. ಮೊದಲ ಎಸೆತದಿಂದಲೇ ಬಿಗಿ ಇರುತ್ತದೆ, ಎದ್ದು ಹೋಗಲು ಮನಸ್ಸಾಗುವುದಿಲ್ಲ. ಇದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಒಂಬತ್ತು ಇನಿಂಗ್ಸ್ ಉದ್ದಕ್ಕೂ ಪಿಚರ್‌ಗಳೇ ಮೇಲುಗೈ ಪಡೆದ 1-1ರ ಪಂದ್ಯವೊಂದು ಹತ್ತನೆಯ ಇನಿಂಗ್ಸ್‌ನಲ್ಲಿ ಒಂದು ಬಂಟ್ ಮತ್ತು ಒಂದು ಎತ್ತರದ ಕ್ಯಾಚ್‌ನಿಂದ, ಅಂದರೆ ಎರಡು ಔಟ್‌ಗಳಿಂದ, ಒಂದು ಹಿಟ್ (ಬೇಸ್ ಗಳಿಸಿಕೊಡುವ ಹೊಡೆತ) ಕೂಡ ಇಲ್ಲದೆ ಮುಗಿದುಹೋಗುವುದನ್ನು ನೋಡಿದಾಗ, ಗೆದ್ದವರು ಗೆದ್ದರು ಎನ್ನಲು ನಾಲಗೆ ಸ್ವಲ್ಪ ತಡವರಿಸುತ್ತದೆ.

ಬೇರೆಯವರು ಹಿಡಿದ ದಾರಿಗಳು

ಆಯ್ಕೆಗಳು ಅಮೆರಿಕದ ಹಳತು, ಹೊಸತು ಇವೆರಡೇ ಎಂದು ತಿಳಿಯಬೇಕಾಗಿಲ್ಲ. ಜಪಾನಿನ ವೃತ್ತಿಪರ ಲೀಗ್‌ಗಳಲ್ಲಿ ಋತುವಿನ ಪಂದ್ಯಗಳು 12 ಇನಿಂಗ್ಸ್‌ಗೆ ಸಮವಾಗಿ ಉಳಿದರೆ ಡ್ರಾ. ಶ್ರೇಯಾಂಕದ ಲೆಕ್ಕದಲ್ಲಿ ಡ್ರಾಗಳನ್ನು ಬಿಟ್ಟು ಗೆಲುವು, ಸೋಲುಗಳ ಪ್ರಮಾಣವನ್ನಷ್ಟೇ ನೋಡುತ್ತಾರೆ. 2011ರ ಭೂಕಂಪದ ನಂತರ ವಿದ್ಯುತ್ ಉಳಿಸಲೆಂದು ಮೂರೂವರೆ ಗಂಟೆ ದಾಟಿದ ಮೇಲೆ ಹೊಸ ಹೆಚ್ಚುವರಿ ಇನಿಂಗ್ಸ್ ಆರಂಭಿಸಬಾರದೆಂಬ ಮಿತಿಯನ್ನೂ ಕೆಲಕಾಲ ಹಾಕಿಕೊಂಡಿದ್ದರು. ದಕ್ಷಿಣ ಕೊರಿಯಾದ ಲೀಗ್ 12ಕ್ಕೆ ನಿಲ್ಲಿಸುತ್ತಿದ್ದುದನ್ನು 2025ರಿಂದ 11ಕ್ಕೆ ಇಳಿಸಿತು.

ತೋಳಿನ ಪ್ರಶ್ನೆ ಅತ್ಯಂತ ತೀವ್ರವಾಗಿ ಎದುರಾದದ್ದು ಜಪಾನಿನ ಕೋಶಿಯನ್ ಪ್ರೌಢಶಾಲಾ ಟೂರ್ನಿಯಲ್ಲಿ. 1998ರಲ್ಲಿ ದಾಯ್ಸುಕೆ ಮತ್ಸುಜಾಕ ಎಂಬ ಹುಡುಗ 17 ಇನಿಂಗ್ಸ್‌ನ ಒಂದು ಪಂದ್ಯದಲ್ಲಿ 250 ಎಸೆತಗಳನ್ನು ಎಸೆದ. 2006ರ ಅಂತಿಮ ಪಂದ್ಯ 15 ಇನಿಂಗ್ಸ್‌ಗೆ 1-1ರಲ್ಲಿ ಸಮವಾಗಿ ಮರುದಿನ ಮತ್ತೆ ಮೊದಲಿನಿಂದ ಆಡಬೇಕಾಯಿತು. ಆ ಟೂರ್ನಿ 2018ರಲ್ಲಿ 13ನೆಯ ಇನಿಂಗ್ಸ್‌ನಿಂದ ಮೊದಲ ಮತ್ತು ಎರಡನೇ ಬೇಸ್‌ಗಳಲ್ಲಿ ಓಟಗಾರರನ್ನು ನಿಲ್ಲಿಸುವ ನಿಯಮ ತಂದಿತು, 2023ರಲ್ಲಿ ಅದನ್ನು ಹತ್ತನೆಯ ಇನಿಂಗ್ಸ್‌ಗೇ ಎಳೆಯಿತು. ಬೆಳೆಯುವ ಮಕ್ಕಳ ಟೂರ್ನಿಗೆ ಅದು ಸರಿಯಾದ ನಿರ್ಧಾರ; ಅಲ್ಲಿ ನನ್ನ ಹನ್ನೆರಡರ ವಾದವನ್ನು ಮುಂದಿಡಲಾರೆ. ಒಲಿಂಪಿಕ್ಸ್‌ನಲ್ಲೂ ಇದೇ ಬಗೆ: 2008ರ ಬೀಜಿಂಗ್‌ನಲ್ಲಿ 11ನೆಯ ಇನಿಂಗ್ಸ್‌ನಿಂದ, ಟೋಕಿಯೊ ಕ್ರೀಡಾಕೂಟದಲ್ಲಿ 10ರಿಂದ ಇಬ್ಬರು ಓಟಗಾರರು. ಕೆಲವೇ ದಿನಗಳಲ್ಲಿ ಮುಗಿಯಬೇಕಾದ ಕೂಟಕ್ಕೆ ಬೇರೆ ದಾರಿ ಕಷ್ಟ.

ಹೋಮ್ ರನ್, ಅಂದರೆ ಬೇಲಿಯಾಚೆ ಹೋಗುವ ಹೊಡೆತಗಳ ಸ್ಪರ್ಧೆಯಿಂದ ತೀರ್ಮಾನಿಸುವುದು ಮತ್ತೊಂದು ಬಗೆ. ಮೇಜರ್ ಲೀಗ್‌ನ ಎರಡು ವಿಭಾಗಗಳಾದ ನ್ಯಾಷನಲ್ ಮತ್ತು ಅಮೆರಿಕನ್ ಲೀಗ್‌ಗಳ ಆಯ್ದ ಆಟಗಾರರ ನಡುವಿನ 2025ರ ಆಲ್-ಸ್ಟಾರ್ ಪಂದ್ಯ ಅಟ್ಲಾಂಟಾದಲ್ಲಿ 6-6ರಲ್ಲಿ ಸಮವಾದಾಗ ಎರಡೂ ಕಡೆಯಿಂದ ಮೂವರು ಬ್ಯಾಟರ್‌ಗಳು ತಲಾ ಮೂರು ಬಾರಿ ಬ್ಯಾಟ್ ಬೀಸಿದರು. ಕೈಲ್ ಶ್ವಾರ್ಬರ್ ಮೂರರಲ್ಲಿ ಮೂರನ್ನೂ ಬೇಲಿಯಾಚೆ ಕಳುಹಿಸಿ ನ್ಯಾಷನಲ್ ಲೀಗ್‌ಗೆ ಗೆಲುವು ತಂದುಕೊಟ್ಟರು. ಪ್ರದರ್ಶನ ಪಂದ್ಯಕ್ಕೆ ಅದಕ್ಕಿಂತ ಚೆಂದದ ಮುಕ್ತಾಯ ಬೇಕಿರಲಿಲ್ಲ, ಅದರಲ್ಲೂ 2002ರ ಆಲ್-ಸ್ಟಾರ್ ಪಂದ್ಯ ಪಿಚರ್‌ಗಳು ಮುಗಿದುಹೋಗಿ 11 ಇನಿಂಗ್ಸ್‌ಗೆ 7-7ರಲ್ಲಿ ನಿಂತಾಗ ಮಿಲ್ವಾಕೀಯ ಪ್ರೇಕ್ಷಕರು ಕೂಗಾಡಿದ್ದನ್ನು ನೆನೆದರೆ. ಅಂಕಪಟ್ಟಿಗೆ ಸೇರುವ ಪಂದ್ಯವನ್ನು ಹಾಗೆ ಮುಗಿಸುವುದು ಬೇರೆ ಮಾತು. ಕ್ರಿಕೆಟ್‌ನ ಸೂಪರ್ ಓವರ್‌ನಲ್ಲಿ ಬೌಲರ್, ಫೀಲ್ಡರ್, ಓಟ ಎಲ್ಲವೂ ಇರುತ್ತವೆ. ಹೋಮ್ ರನ್ ಸ್ಪರ್ಧೆಯಲ್ಲಿ ಬೇಸ್‌ಬಾಲ್‌ನ ಒಂದು ಅಂಗ ಮಾತ್ರ ಉಳಿಯುತ್ತದೆ.

ಡ್ರಾ ಪ್ರಾಮಾಣಿಕವಾದ ಫಲಿತಾಂಶ ಎಂದೇ ನನ್ನ ಎಣಿಕೆ. ಮೇಜರ್ ಲೀಗ್‌ನಲ್ಲೂ 2016ರ ಸೆಪ್ಟೆಂಬರ್ 29ರಂದು ಪಿಟ್ಸ್‌ಬರ್ಗ್ ಮತ್ತು ಷಿಕಾಗೊ ಕಬ್ಸ್ ನಡುವಿನ ಪಂದ್ಯ ಮಳೆಯಿಂದಾಗಿ 1-1ರಲ್ಲಿ ನಿಂತಾಗ, ಶ್ರೇಯಾಂಕಕ್ಕೆ ಅದರಿಂದ ಏನೂ ಆಗಬೇಕಾಗಿರಲಿಲ್ಲವಾದ್ದರಿಂದ ಹಾಗೆಯೇ ಬಿಟ್ಟರು, ಯಾರೂ ಸತ್ತುಹೋಗಲಿಲ್ಲ. ಆದರೂ ಅಮೆರಿಕದ ಅಭಿಮಾನಿ ಡ್ರಾವನ್ನು ಋತುವಿನುದ್ದಕ್ಕೂ ಸಹಿಸುವುದಿಲ್ಲ. ಒಪ್ಪಿಗೆಯಾಗದ ನಿಯಮವನ್ನು ಸೂಚಿಸಿ ಫಲವಿಲ್ಲ.

ಪ್ಲೇಆಫ್ ಅನ್ನು ಪ್ರತ್ಯೇಕವಾಗಿಡಿ

ಇಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಪ್ಲೇಆಫ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ 2018ರ ಮೂರನೇ ಪಂದ್ಯ 18 ಇನಿಂಗ್ಸ್, 7 ಗಂಟೆ 20 ನಿಮಿಷ ನಡೆದು ಮ್ಯಾಕ್ಸ್ ಮನ್ಸಿಯ ಹೋಮ್ ರನ್‌ನಿಂದ ಮುಗಿಯಿತು. 2022ರಲ್ಲಿ ಹ್ಯೂಸ್ಟನ್ ತಂಡ ಸಿಯಾಟಲ್‌ನಲ್ಲಿ 18 ಇನಿಂಗ್ಸ್ ಆಡಿ 1-0ಯಿಂದ ಗೆದ್ದಿತು. 2025ರ ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯವೂ 18ನೆಯ ಇನಿಂಗ್ಸ್‌ನಲ್ಲಿ ಫ್ರೆಡ್ಡಿ ಫ್ರೀಮನ್ ಬ್ಯಾಟಿನಿಂದಲೇ ಮುಗಿದದ್ದು. ಪ್ಲೇಆಫ್‌ನಲ್ಲಿ ನಡುವೆ ಬಿಡುವಿನ ದಿನಗಳಿರುತ್ತವೆ, ನಾಳೆಯ ಪಂದ್ಯಕ್ಕೆ ಉಳಿಸಿಡಬೇಕೆಂಬ ಲೆಕ್ಕಾಚಾರ ಕಡಿಮೆ, ಮತ್ತು ಅಭಿಮಾನಿಗಳು ಬೆಳಗಿನ ಜಾವದವರೆಗೆ ಎಚ್ಚರವಿರಲು ಸಿದ್ಧರಿರುತ್ತಾರೆ. ನಿಮ್ಮ ಸಲಹೆ ಏನೇ ಇರಲಿ, ಋತುವಿನ ಪಂದ್ಯಗಳಿಗೆ ಮಾತ್ರ ಅನ್ವಯ ಎಂಬ ಒಂದು ವಾಕ್ಯ ಅದರಲ್ಲಿರಲಿ.

ನಿಲುವನ್ನು ನಿಯಮದ ಭಾಷೆಗೆ ಇಳಿಸಿ

ಅಭಿಪ್ರಾಯ ಹೇಳುವುದು ಸುಲಭ, ನಿಯಮ ಬರೆಯುವುದು ಕಷ್ಟ. ಬರೆಯಲು ಕುಳಿತಾಗಲೇ ಅಭಿಪ್ರಾಯದ ತೂತುಗಳು ಕಾಣಿಸುವುದು. ನನ್ನ ಸಲಹೆಯನ್ನು ಬರೆದರೆ ಹೀಗಾಗುತ್ತದೆ: ಋತುವಿನ ಪಂದ್ಯಗಳಲ್ಲಿ ಹತ್ತು ಮತ್ತು ಹನ್ನೊಂದನೆಯ ಇನಿಂಗ್ಸ್‌ಗಳು ಖಾಲಿ ಬೇಸ್‌ಗಳಿಂದ ಆರಂಭವಾಗಬೇಕು, ಹನ್ನೆರಡನೆಯದರಿಂದ ಪ್ರತಿ ಅರ್ಧವೂ ಎರಡನೇ ಬೇಸ್‌ನಲ್ಲಿ ಓಟಗಾರನೊಂದಿಗೆ ಆರಂಭವಾಗಬೇಕು, ಆ ಓಟಗಾರ ಮೊದಲ ಬ್ಯಾಟರ್‌ಗಿಂತ ಕ್ರಮದಲ್ಲಿ ಹಿಂದಿರುವವನಾಗಿರಬೇಕು, ಅವನ ರನ್ ಪಿಚರ್‌ನ ಸರಾಸರಿಗೆ ಸೇರಬಾರದು. ನಿಮ್ಮದು ಬೇರೆಯಾಗಿದ್ದರೆ ಅದನ್ನೂ ಇಷ್ಟೇ ವಿವರವಾಗಿ ಬರೆಯಿರಿ. ಮಳೆಯಿಂದ ನಿಂತ ಪಂದ್ಯ ಇನ್ನೊಂದು ದಿನ ಮುಂದುವರಿದರೆ ಓಟಗಾರ ಯಾರು, ಒಬ್ಬನೂ ಬೇಸ್ ತಲುಪದಂತೆ ಎಸೆದ ಪಿಚರ್‌ನ ಪರಿಪೂರ್ಣ ಪಂದ್ಯದ ಗತಿ ಏನು ಎಂಬ ಪ್ರಶ್ನೆಗಳಿಗೂ ಉತ್ತರ ಇರಲಿ.

ಚಿಕ್ಕ ಲೀಗ್ ನಡೆಸುವವರು ಇದರ ಜೊತೆಗೆ ಒಂದು ಅಂತಿಮ ಮಿತಿಯನ್ನೂ ಸೇರಿಸಬೇಕು, ಏಕೆಂದರೆ ಅವರಲ್ಲಿ 13 ಪಿಚರ್‌ಗಳು ಇರುವುದಿಲ್ಲ. ಸೇರಿಸಿದ್ದು ಪ್ರತಿಯೊಬ್ಬ ಅಂಪೈರ್‌ನ ಕೈಯಲ್ಲಿರುವ ಪ್ರತಿಯಲ್ಲೂ ಇದೆಯೇ ಎಂದು ನೋಡಿಕೊಳ್ಳುವುದು ಅಷ್ಟೇ ಅಗತ್ಯ. 1981ರ ಏಪ್ರಿಲ್ 18ರ ರಾತ್ರಿ ಪಾಟಕೆಟ್‌ನಲ್ಲಿ ಆರಂಭವಾದ ಮೈನರ್ ಲೀಗ್ ಪಂದ್ಯಕ್ಕೆ ಲೀಗ್‌ನಲ್ಲಿ ರಾತ್ರಿಯ ಮಿತಿ ಇತ್ತು, ಆದರೆ ಅಂಪೈರ್‌ಗಳ ಬಳಿಯಿದ್ದ ಪ್ರತಿಯಲ್ಲಿ ಆ ಕಲಮು ಇರಲಿಲ್ಲ. ಲೀಗ್ ಅಧ್ಯಕ್ಷರಿಗೆ ಫೋನ್ ತಲುಪಿ, ನಿಲ್ಲಿಸಿ ಎಂಬ ಮಾತು ಬರುವಷ್ಟರಲ್ಲಿ 32 ಇನಿಂಗ್ಸ್ ಮುಗಿದು ಬೆಳಗಿನ ಜಾವ 4 ಗಂಟೆ 7 ನಿಮಿಷವಾಗಿತ್ತು. ಸ್ಟ್ಯಾಂಡ್‌ನಲ್ಲಿ ಉಳಿದವರು 19 ಮಂದಿ. ಜೂನ್ 23ರಂದು ಮತ್ತೆ ಸೇರಿದಾಗ ಉಳಿದ ಒಂದೇ ಇನಿಂಗ್ಸ್ 18 ನಿಮಿಷಗಳಲ್ಲಿ ಮುಗಿಯಿತು.

ಕೊನೆಗೆ, ಬರೆದ ನಿಯಮವನ್ನು ಹಳೆಯ ಪಂದ್ಯಗಳ ಮೇಲೆ ಓಡಿಸಿ ನೋಡಿ. 2019ರಂತಹ, ಓಟಗಾರ ಇಲ್ಲದ ಕೊನೆಯ ಪೂರ್ಣ ಋತುವೊಂದನ್ನು ತೆಗೆದುಕೊಂಡು ನಿಮ್ಮ ತಂಡದ ಹೆಚ್ಚುವರಿ ಪಂದ್ಯಗಳನ್ನು ಪಟ್ಟಿ ಮಾಡಿ. ಯಾವ ಇನಿಂಗ್ಸ್‌ನಲ್ಲಿ ಮುಗಿಯಿತು, ಮರುದಿನ ಮತ್ತು ಅದರ ಮರುದಿನ ಯಾರು ಯಾರು ಎಸೆದರು, ಯಾರನ್ನು ಮೈನರ್ ಲೀಗ್‌ಗೆ ಇಳಿಸಿದರು ಎಂದು ಬರೆದುಕೊಳ್ಳಿ. ನಂತರ 2023ರ ಋತುವಿಗೂ ಹಾಗೆಯೇ ಮಾಡಿ. ಒಂದು ತಂಡಕ್ಕೆ ವರ್ಷಕ್ಕೆ ಹದಿಮೂರು, ಹದಿನಾಲ್ಕು ಪಂದ್ಯಗಳಷ್ಟೇ ಸಿಗುತ್ತವೆಯಾದ್ದರಿಂದ ಎರಡು ಮೂರು ತಂಡಗಳನ್ನು ಸೇರಿಸಿಕೊಂಡರೆ ಚಿತ್ರ ಹೆಚ್ಚು ಸ್ಪಷ್ಟವಾಗುತ್ತದೆ. ಹನ್ನೊಂದರ ಒಳಗೆ ಮುಗಿದ ಪಂದ್ಯಗಳ ಮರುದಿನಗಳಲ್ಲೂ ಬುಲ್‌ಪೆನ್ ಕುಸಿದದ್ದು ಆ ಪಟ್ಟಿಯಲ್ಲಿ ಮತ್ತೆ ಮತ್ತೆ ಕಂಡುಬಂದರೆ ಹನ್ನೆರಡರಿಂದ ಎಂಬ ನನ್ನ ಸಲಹೆ ಸೋತಂತೆ, ಈಗಿನ ನಿಯಮವೇ ಉಳಿಯಲಿ. ಕುಸಿತವೆಲ್ಲ ಹದಿಮೂರರ ಆಚೆಗಿನ ಪಂದ್ಯಗಳ ನಂತರವೇ ಇದ್ದರೆ ಹತ್ತನೆಯ ಇನಿಂಗ್ಸ್‌ನಲ್ಲಿ ಎರಡನೇ ಬೇಸ್ ಮೇಲೆ ಯಾರನ್ನೂ ನಿಲ್ಲಿಸಬೇಕಾದ ಕಾರಣವಿಲ್ಲ.